ಇಟಲಿಯ ಮಾತು ಹೇಳುವವಳು

ಜೂನ್ 4

ರೀ,

ನಿನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ನೀವು ಯಾವುದೋ ಊರಿನ ಕಲ್ಲಿನ ಮೆಟ್ಟಿಲ ಮೇಲೆ ಕೂತಿದ್ದೀರಿ. ಮೈಮೇಲೆ ಬಿಳಿ ಅಂಗಿ. ನಿಮಗೆ ಬಿಳಿ ಅಂಗಿ ಇಲ್ಲವೇ ಇಲ್ಲ, ಮೆಷಿನ್ ಎಣ್ಣೆಯ ಕಲೆ ಹೋಗುವುದಿಲ್ಲ ಎಂದು ನಾನೇ ತಂದಿಲ್ಲ. ಅಲ್ಲೇ ನನಗೆ ಅನುಮಾನ ಬಂತು. ಕೆಳಗಿನಿಂದ ಕರೆಯುತ್ತೇನೆ, ನೀವು ತಿರುಗುವುದಿಲ್ಲ. ಗಂಟಲು ಹರಿಯುವ ಹಾಗೆ ಕರೆದೆ. ಆಗ ಯಾರೋ ಒಬ್ಬಳು ನಿಮ್ಮ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಅವಳು ಹೇಳಿದ್ದು ಮಾತ್ರ ನಿಮಗೆ ಕೇಳಿಸಿತು. ನಕ್ಕಿರಿ. ನನಗೆ ಎಚ್ಚರವಾಯಿತು. ಎದ್ದು ಬಾಗಿಲ ಚಿಲಕ ನೋಡಿದೆ, ಒಲೆ ನೋಡಿದೆ, ಮತ್ತೆ ಚಿಲಕ ನೋಡಿದೆ.

ಪಕ್ಕದ ಮನೆ ಟೈಲರಮ್ಮನಿಗೆ ಹೇಳಿದರೆ, "ಕನಸಲ್ಲಿ ಗಂಡ ನಕ್ಕರೆ ಒಳ್ಳೇದು ಕಣೇ" ಅಂದಳು. "ಯಾರ ಜೊತೆ ನಕ್ಕರೂ ಒಳ್ಳೇದಾ?" ಅಂದೆ. ಅವಳು ಬಾಯಿ ತುಂಬ ಗುಂಡುಪಿನ್ನು ಇಟ್ಟುಕೊಂಡಳು.

ನೀವು ಹೋಗಿ ಹನ್ನೆರಡು ದಿನವಾಯಿತು. ನಮ್ಮ ಟಾಕೀಸಿನ ಚಾವಣಿ ರಿಪೇರಿಯಾಗುವವರೆಗೆ ಮೂರು ತಿಂಗಳು ಆ ದೂರದೂರಿನ ಸಿನಿಮಾ ಕ್ಲಬ್ಬಿನಲ್ಲಿ ಇಟಲಿ ಸಿನಿಮಾ ಓಡಿಸಿ ಬರುತ್ತೇನೆ ಎಂದಾಗ ನಾನು ಹೂಂ ಅಂದೆ. ಯೋಚನೆ ಶುರುವಾಗಿದ್ದು ನಿಮ್ಮ ಬಸ್ಸು ತಿರುವು ದಾಟಿದ ಮೇಲೆ. ನನ್ನದು ಯಾವಾಗಲೂ ಹೀಗೇ, ಬುದ್ಧಿ ಒಂದು ಬಸ್ಸು ತಡವಾಗಿ ಬರುತ್ತದೆ. ಮಫ್ಲರ್ ಚೀಲದ ಅಡಿಯಲ್ಲಿದೆ. ಕೆಮ್ಮಿದರೆ ಬಿಸಿನೀರು ಕುಡಿಯಿರಿ. ಕೆಮ್ಮದಿದ್ದರೂ ಕುಡಿಯಿರಿ.

ಒಂದು ಮಾತು ಕೇಳಬೇಕು. ಇಪ್ಪತ್ತೊಂದು ವರ್ಷ ನೀವು ಆ ಮೆಷಿನ್ ರೂಮಿನಲ್ಲಿ ನಿಂತು ಸಿನಿಮಾ ನೋಡಿದ್ದೀರಿ, ಕೇಳಿಲ್ಲ. ಎರಡು ಮೆಷಿನ್ನುಗಳ ಗಡಗಡದಲ್ಲಿ ಒಂದು ಮಾತೂ ನಿಮಗೆ ಮುಟ್ಟುತ್ತಿರಲಿಲ್ಲ. ಹೆಂಗಸರ ಗೇಟಿನಲ್ಲಿ ಟಿಕೆಟ್ ಹರಿದು, ಬಾಗಿಲು ಎಳೆದು, ಒಳಗೆ ಗೋಡೆಗೆ ಒರಗಿ ನಿಂತು ಕೇಳಿದವಳು ನಾನು. ಮನೆಗೆ ಬಂದು ನೀವು ಕೈಯ ಮಸಿ ತೊಳೆಯುವಷ್ಟು ಹೊತ್ತಿಗೆ ಹೀರೋನ ಮಾತು, ಹೀರೋಯಿನ್ ಮಾತು, ಅತ್ತೆಯ ಬೈಗುಳ ಎಲ್ಲ ನನ್ನ ಬಾಯಿಂದಲೇ ನಿಮಗೆ ಸಿಕ್ಕಿದ್ದು. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಜನವಿಲ್ಲ ಎಂದು ಬಿಡಿಸಿದರು. ಆದರೂ ಆ ಪರೀಕ್ಷೆಯಲ್ಲಿ ನಾನು ಒಂದು ದಿನವೂ ಫೇಲಾಗಿಲ್ಲ.

ಈಗ ಇಟಲಿಯವರ ಮಾತು ನಿಮಗೆ ಯಾರು ಹೇಳುತ್ತಾರೆ? ಅಷ್ಟು ಬರೆಯಿರಿ.

ಚಾವಣಿ ಕೆಲಸದವರು ಇನ್ನೂ ಬಂದಿಲ್ಲ.

ನಿಮ್ಮ ಗೇಟಮ್ಮ


ಜೂನ್ 12

ಗೇಟಮ್ಮ,

ಕಾಗದ ಬಂತು. ಕೆಮ್ಮು ಇಲ್ಲ. ನನಗಿನ್ನೂ ಬಿಳಿ ಅಂಗಿ ಇಲ್ಲ. ನಿನ್ನ ಕನಸಿನಲ್ಲಿ ನನಗೆ ಹೊಲಿಸಿಕೊಟ್ಟವರು ಯಾರು ಎಂದು ಟೈಲರಮ್ಮನನ್ನೇ ಕೇಳು.

ಇಲ್ಲಿಯ ಸಿನಿಮಾ ಹಾಲು ಚಿಕ್ಕದು, ನೂರಾ ಇಪ್ಪತ್ತು ಕುರ್ಚಿ. ಮೆಷಿನ್ ಬೆಕ್ಕಿನ ಹಾಗೆ ಗುರ್ ಅನ್ನುತ್ತದೆ, ಅಷ್ಟೇ. ನನಗೆ ನನ್ನ ಉಸಿರೇ ಕೇಳಿಸಿ ಮೊದಲ ದಿನ ಗಾಬರಿಯಾಯಿತು. ವಾರಕ್ಕೆ ಎರಡು ಇಟಲಿ ಸಿನಿಮಾ, ಒಂದೊಂದೂ ಮೂರು ಆಟ. ಏನು ದೇಶ ಅಂತೀಯ! ಬೆಟ್ಟದ ಏರಿನಲ್ಲಿ ತೆಳ್ಳನೆಯ ಉದ್ದುದ್ದ ಮರಗಳು ಸಾಲಾಗಿ ನಿಂತಿರುತ್ತವೆ, ಯಾರೋ ಬ್ರಷ್ಷುಗಳನ್ನು ತೊಳೆದು ತಲೆ ಮೇಲಾಗಿ ಒಣಗಲು ಇಟ್ಟ ಹಾಗೆ. ಬೀದಿಗಳು ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು. ಮೇಲೆ ಈ ಮನೆಯಿಂದ ಆ ಮನೆಗೆ ಹಗ್ಗ, ಹಗ್ಗದ ತುಂಬ ಬಟ್ಟೆ. ಮಧ್ಯಾಹ್ನವಾದರೆ ಊರಿಗೆ ಊರೇ ಕಿಟಕಿ ಮುಚ್ಚಿ ಮಲಗುತ್ತದೆ. ಎದ್ದ ಮೇಲೆ ಕಿಟಕಿಯಿಂದ ಕಿಟಕಿಗೆ ಜಗಳ. ಮೊನ್ನೆ ಮಂಜು ಇಳಿಯುತ್ತಿದ್ದ ಬೆಟ್ಟ ನೋಡುತ್ತ ನಿಂತು, ರೀಲು ಬದಲಿಸುವ ಚುಕ್ಕಿ ಮೂಲೆಯಲ್ಲಿ ಬಂದಿದ್ದು ಇನ್ನೇನು ತಪ್ಪಿಹೋಗುತ್ತಿತ್ತು. ಇಪ್ಪತ್ತೊಂದು ವರ್ಷದಲ್ಲಿ ಹಾಗಾಗಿರಲಿಲ್ಲ.

ಅವರು ಮಾತಾಡುವುದೇ ಕೈಯಲ್ಲಿ. ಅರ್ಧ ನನಗೆ ಹಾಗೇ ತಿಳಿಯುತ್ತದೆ. ಉಳಿದರ್ಧ ಹೇಳಲು ಒಬ್ಬ ಮೇಡಂ ಇದ್ದಾರೆ. ಈ ಸಿನಿಮಾಗಳಲ್ಲಿ ಪರದೆಯ ಕೆಳಗೆ ಅಕ್ಷರ ಬರುವುದಿಲ್ಲ. ಅದಕ್ಕೇ ಮೆಷಿನ್ ರೂಮಿನಲ್ಲಿ ನನ್ನ ಪಕ್ಕ ಒಂದು ಮೇಜು, ಒಂದು ಮೈಕು, ಸಣ್ಣ ದೀಪ. ಮೇಡಂ ಅಲ್ಲಿ ಕೂತು, ಇಟಲಿಯವರು ಆಡಿದ್ದನ್ನೆಲ್ಲ ನಮ್ಮ ಭಾಷೆಯಲ್ಲಿ ಹೇಳುತ್ತ ಹೋಗುತ್ತಾರೆ. ಹಾಲಿನಲ್ಲಿ ಸ್ಪೀಕರಿನಿಂದ ಜನರಿಗೆ ಕೇಳಿಸುತ್ತದೆ. ಗಂಡಸು, ಹೆಂಗಸು, ಮಗು, ಮುದುಕ ಎಲ್ಲರ ಮಾತೂ ಅವರೊಬ್ಬರದೇ.

ನೀನಿಲ್ಲದ ಕೋಣೆಯಲ್ಲಿ ಕಿಟಕಿಯೂ ಗೋಡೆಯ ಹಾಗೆ ಕಾಣುತ್ತದೆ.

ಚಾವಣಿ ವಿಷಯ ಏನಾಯಿತು, ಬರಿ.


ಜೂನ್ 19

ರೀ,

ನಿಮ್ಮ ಕಾಗದದ ಕೊನೆಯ ಸಾಲು ಓದಿ ನೆಲದ ಮೇಲೆ ಕೂತುಬಿಟ್ಟೆ. ಕೋಣೆಯಂತೆ, ಕಿಟಕಿಯಂತೆ, ಗೋಡೆಯಂತೆ. ಟೈಲರಮ್ಮನಿಗೂ ಓದಿ ಹೇಳಿದೆ. "ನಿನ್ನ ಗಂಡ ಹೀಗೆಲ್ಲ ಬರೀತಾನೇನೇ! ನಮ್ಮನೇದಕ್ಕೆ ಬೀದಿ ಹೆಸರೂ ನೆಟ್ಟಗೆ ಬರಿಯೋಕೆ ಬರಲ್ಲ" ಎಂದು ಹೊಲಿಗೆ ನಿಲ್ಲಿಸಿ ಎರಡು ಸಲ ಓದಿಸಿಕೊಂಡಳು. ಸಂಜೆಯವರೆಗೂ ಖುಷಿ. ಸಂಜೆ ಮೇಲೆ ತಲೆಯೊಳಗೆ ಹುಳ ಹೊಕ್ಕಿತು.

ಮದುವೆಯಾದ ಹೊಸದರಲ್ಲಿ ನೀವು ನನಗೆ ಹೇಳಿದ ಅತಿ ದೊಡ್ಡ ಪ್ರೀತಿಯ ಮಾತು ಯಾವುದು, ನೆನಪಿದೆಯೇ? "ನೀನು ಬಂದ ಮೇಲೆ ಮನೇಲಿ ಬಲ್ಬು ಬೇಗ ಹೋಗ್ತಿಲ್ಲ" ಅಂತ. ಅದನ್ನೇ ನಾನು ಇಪ್ಪತ್ತೊಂದು ವರ್ಷದಿಂದ ಒರೆಸಿ ಒರೆಸಿ ಇಟ್ಟುಕೊಂಡಿದ್ದೇನೆ. ಬಲ್ಬಿನ ಮನುಷ್ಯ ಇಪ್ಪತ್ತು ದಿನದಲ್ಲಿ ಕಿಟಕಿಗೆ ಹೇಗೆ ಬಂದರು? ನಡುವೆ ಯಾರು ಸಿಕ್ಕರು?

ಆಗ ಕಾಗದವನ್ನು ಮತ್ತೆ ಓದಿದೆ. ಬೆಟ್ಟಕ್ಕೆ ಇಷ್ಟುದ್ದ ಬರೆದಿದ್ದೀರಿ. ಬಟ್ಟೆ ಒಣಗಿಸಿದ್ದಕ್ಕೆ ಎರಡು ಸಾಲು, ನಾನು ದಿನಾ ಒಣಗಿಸುತ್ತೇನೆ, ನನಗೆ ಒಂದು ಸಾಲು ಬರೆದವರಿಲ್ಲ. ಇರಲಿ. ಮೇಡಂ ಮಾತ್ರ ಬಂದದ್ದೇ ಗೊತ್ತಾಗದ ಹಾಗೆ ಬಂದು ಮೇಜಿನ ಮುಂದೆ ಕೂತಿದ್ದಾಳೆ. ನಾನು ಕೇಳುತ್ತೇನೆ, ಒಂದೊಂದಕ್ಕೂ ಉತ್ತರ ಬೇಕು. ವಯಸ್ಸೆಷ್ಟು? ಮದುವೆಯಾಗಿದೆಯೇ, ಆಗಿದ್ದರೆ ಆ ಮಹಾರಾಯ ಎಲ್ಲಿ? ಸೆಂಟು ಹಾಕುತ್ತಾಳೆಯೇ? ಆ ರೂಮು ಎಷ್ಟು ದೊಡ್ಡದು, ನಿಮ್ಮ ಕುರ್ಚಿಗೂ ಅವಳ ಕುರ್ಚಿಗೂ ನಡುವೆ ಎಷ್ಟು ಜಾಗ? ಪ್ರೀತಿಯ ಮಾತು ಬಂದಾಗ ಅವಳು ಪರದೆ ನೋಡಿ ಹೇಳುತ್ತಾಳೋ, ಎಲ್ಲಿ ನೋಡಿ ಹೇಳುತ್ತಾಳೋ?

ಕೋಪ ಅಂದುಕೊಳ್ಳಬೇಡಿ. ಕೋಪವಾದರೆ ಒಂದು ದಿನ ಇದ್ದು ಹೋಗುತ್ತದೆ. ಇದು ಕಾಲಿಗೆ ಮುಳ್ಳು ಮುರಿದುಕೊಂಡ ಹಾಗೆ, ಹೆಜ್ಜೆ ಇಟ್ಟಾಗಲೆಲ್ಲ ಅಲ್ಲೇ ಇರುತ್ತದೆ. ನಾನೂ ಮಾತು ಹೇಳುತ್ತಿದ್ದೆ, ಆದರೆ ಸಿನಿಮಾ ಮುಗಿದು, ಜನ ಹೋಗಿ, ಗೇಟು ಹಾಕಿ, ಮನೆ ಸೇರಿದ ಮೇಲೆ. ತಣ್ಣಗಾದದ್ದು. ಅವಳದು ಬಿಸಿಬಿಸಿ. ಹೀರೋ ಅಲ್ಲಿ ಬಾಯಿ ತೆರೆದ ಕೂಡಲೇ ಇವಳು ಇಲ್ಲಿ ನಿಮ್ಮ ಕಿವಿಗೆ ಹಾಕುತ್ತಾಳೆ.

ಟಾಕೀಸಿಗೆ ಹೋಗಿದ್ದೆ. ವಾಚ್‌ಮನ್ ತಾತ ಹೇಳಿದ್ದು ಕೇಳಿ. ಟಾಕೀಸಿನ ಯಜಮಾನರ ಕಾರು ಬಂದಿತ್ತಂತೆ, ಟೇಪು ಹಿಡಿದ ಇಬ್ಬರು ಇಳಿದು ಅಂಗಳವನ್ನೆಲ್ಲ ಅಳೆದರಂತೆ. ಸೋರುವುದು ಚಾವಣಿ, ಅಂಗಳ ಯಾಕೆ ಅಳೆಯುತ್ತಾರೆ?

ಉತ್ತರ ಬೇಗ ಹಾಕಿ. ಸೆಂಟಿನದ್ದು ಮರೆಯಬೇಡಿ.


ಜೂನ್ 28

ಗೇಟಮ್ಮ,

ಪೊಲೀಸರೂ ಇಷ್ಟು ಕೇಳುವುದಿಲ್ಲ. ವಯಸ್ಸು ಕೇಳಿಲ್ಲ, ಹೆಂಗಸರನ್ನು ಕೇಳಬಾರದು ಅಂತ ನೀನೇ ಹೇಳಿದ್ದೆ. ಮದುವೆ ವಿಷಯ ಗೊತ್ತಿಲ್ಲ. ಸೆಂಟು ಇರಬಹುದು, ಫಿಲ್ಮ್ ಅಂಟಿಸುವ ಅಂಟಿನ ವಾಸನೆಯಲ್ಲಿ ನನಗೆ ಬೇರೆ ವಾಸನೆ ತಿಳಿಯುವುದಿಲ್ಲ. ನಡುವೆ ಒಂದೂವರೆ ಅಡಿ. ರೀಲಿನ ಡಬ್ಬ ಇಡಲು ಜಾಗ ಬೇಕಲ್ಲ.

ಕಿಟಕಿಯ ಸಾಲು ನನ್ನದಲ್ಲ. ಸಿನಿಮಾದ್ದು. ಮೇಡಂ ಹೇಳಿದಾಗ ಚೆಂದ ಅನ್ನಿಸಿತು, ನಿನಗೆ ಹೊಂದುತ್ತದೆ ಅನ್ನಿಸಿತು, ಬರೆದೆ. ತಪ್ಪಾಯಿತೇ?

ನನಗೆ ಎಲ್ಲಕ್ಕಿಂತ ಹಿಡಿಸಿದ ಸಿನಿಮಾದಲ್ಲೇ ಆ ಮಾತು ಬರುವುದು. ಜನ ಕೇಳುತ್ತಾರೆಂದು ಅದನ್ನು ಮತ್ತೆ ಮತ್ತೆ ಹಾಕಿಸುತ್ತಾರೆ. ಗಂಟೆ ರಿಪೇರಿ ಮಾಡುವವನೊಬ್ಬ ಬೆಟ್ಟದ ಊರೂರು ತಿರುಗುತ್ತಾನೆ. ಒಂದು ಊರಿನಲ್ಲಿ ಗೋಪುರದ ದೊಡ್ಡ ಗಂಟೆ ಸೀಳಿರುತ್ತದೆ, ಅದು ಸರಿಹೋಗುವವರೆಗೆ ಅಲ್ಲೇ ಉಳಿಯುತ್ತಾನೆ. ಗೋಪುರದ ಕೆಳಗೆ ಇಸ್ತ್ರಿ ಮಾಡುವ ಹೆಂಗಸಿನ ಅಂಗಡಿ. ಅವಳು ಇಸ್ತ್ರಿಪೆಟ್ಟಿಗೆ ಎತ್ತಿದಾಗ ಏಳುವ ಹಬೆ, ಹೊರಗೆ ಬೆಟ್ಟದಿಂದ ಇಳಿಯುವ ಮಂಜು, ಎರಡನ್ನೂ ಒಂದರ ಪಕ್ಕ ಒಂದು ತೋರಿಸುತ್ತಾರೆ. ಗಂಟೆ ಸರಿಹೋದರೆ ಅವನು ಹೊರಡಬೇಕು, ಅದಕ್ಕೆ ಕೆಲಸವನ್ನು ಎಳೆಯುತ್ತ ಹೋಗುತ್ತಾನೆ. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನೀನು ನೋಡಬೇಕು ಅದನ್ನು.

ಕಳೆದ ಭಾನುವಾರ ಮಧ್ಯಾಹ್ನದ ಆಟದಲ್ಲಿ ಒಂದು ತಮಾಷೆ. ಅರ್ಧ ಸಿನಿಮಾಕ್ಕೆ ಮೇಡಂ ಗಂಟಲು ಕಟ್ಟಿತು. "ಹೆಂಗಸಿನ ಮಾತಿಗೆ ಮಾತ್ರ ದನಿ ಉಳಿಸ್ಕೋತೀನಿ, ಗಂಡಸಿನದು ನೀವು ಹೇಳಿ" ಎಂದು ಹಾಳೆಗಳನ್ನು ನನ್ನ ಕಡೆ ತಳ್ಳಿದರು. ಒಂದು ಕೈ ಮೆಷಿನ್ನಿನ ಹಿಡಿಕೆಯ ಮೇಲೆ, ಇನ್ನೊಂದರಲ್ಲಿ ಹಾಳೆ. ಮೂರು ಸಲ ನೋಡಿದ್ದೆನಲ್ಲ, ಹೇಳಿಬಿಟ್ಟೆ. ಗಂಟೆಯವನು ಅನ್ನುತ್ತಾನೆ, "ನೀನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರೆ ಊರೆಲ್ಲ ನನಗೆ ಮದುವೆಯಾಗಿದೆ ಅಂದುಕೊಳ್ಳುತ್ತದೆ." ಅವಳು ಅನ್ನುತ್ತಾಳೆ, "ಅಂದುಕೊಳ್ಳಲಿ ಬಿಡು." ಮುಗಿದ ಮೇಲೆ ಜನ ಹಿಂದಕ್ಕೆ ತಿರುಗಿ, ನಮ್ಮ ಕಿಂಡಿ ನೋಡಿ ಚಪ್ಪಾಳೆ ಹೊಡೆದರು. ಇಷ್ಟು ವರ್ಷದಲ್ಲಿ ಜನ ನನ್ನ ಕಡೆ ತಿರುಗುತ್ತಿದ್ದದ್ದು ರೀಲು ತುಂಡಾದಾಗ, ಬೈಯಲು.

ನಿಜ ಹೇಳಬೇಕೆಂದರೆ ಅವರ ದನಿ ಚೆನ್ನಾಗಿದೆ. ಆದರೆ ಹಾಳೆಯಲ್ಲಿ ಇದ್ದಷ್ಟೇ ಹೇಳುತ್ತಾರೆ. ನೀನು ಹಾಗಲ್ಲ. ಪರದೆಯ ಮೇಲೆ ಹೀರೋಯಿನ್ ತುಟಿ ಎರಡು ಸಲ ಆಡಿರುತ್ತಿತ್ತು, ಮನೆಯಲ್ಲಿ ನೀನು ಹತ್ತು ವಾಕ್ಯ ಹೇಳುತ್ತಿದ್ದೆ. ನನಗೆ ಗೊತ್ತಾಗುತ್ತಿರಲಿಲ್ಲ ಅಂದುಕೊಂಡಿದ್ದೀಯಾ?

ಅಂಗಳ ಅಳೆದರೆ ಅಳೆಯಲಿ, ಸೈಕಲ್ ಸ್ಟ್ಯಾಂಡ್ ಮಾಡಿಸುತ್ತಾರೇನೋ. ಇನ್ನೊಂದು ವಿಷಯವಿದೆ, ಈಗ ಬರೆಯುವುದಿಲ್ಲ.


ಜುಲೈ 5

ಆಪರೇಟರ್ ಸಾಹೇಬರಿಗೆ,

ಚಪ್ಪಾಳೆ ಬಿದ್ದದ್ದು ತಿಳಿದು ಸಂತೋಷವಾಯಿತು. ಅವಳ ಬಾಯಿಂದ ಬಿದ್ದ ಕಿಟಕಿಯ ಸಾಲನ್ನು ಹೆಕ್ಕಿ, ಒರೆಸಿ, ನನಗೆ ಕಳಿಸಿದ್ದಿರಿ. ನಾನು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಈಗ ತೆಗೆದೆ. ಟೈಲರಮ್ಮ ಆ ಸಾಲನ್ನು ಅವಳ ಗಂಡನಿಗೆ ಬಾಯಿಪಾಠ ಮಾಡಿಸುತ್ತಿದ್ದಾಳೆ, ಅವಳಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ?

ಅಂದುಕೊಳ್ಳಲಿ ಬಿಡು ಅಂದಳೋ. ಗಂಟಲು ಕಟ್ಟಿದವಳಿಗೆ ಆ ಮಾತಿಗೆ ಮಾತ್ರ ದನಿ ಉಳಿದಿತ್ತು, ನೋಡಿ. ನೂರಾ ಇಪ್ಪತ್ತು ಜನರ ಮುಂದೆ, ಮೈಕಿನಲ್ಲಿ. ನಾನು ಇಪ್ಪತ್ತೊಂದು ವರ್ಷ ಬಚ್ಚಲಿನ ಬಾಗಿಲಲ್ಲಿ ಟವಲು ಹಿಡಿದು ನಿಂತು ಎರಡೂ ಕಡೆಯ ಮಾತು ಒಬ್ಬಳೇ ಆಡಿದೆ. ಒಂದು ದಿನ, ಒಂದೇ ಒಂದು ದಿನ, "ಗಂಡಸಿನದು ನಾನು ಹೇಳ್ತೀನಿ ತಾಳು" ಅಂದಿರಾ?

ಇರಲಿ. ಈ ಕಾಗದ ಬರೆದದ್ದು ಅದಕ್ಕಲ್ಲ. ಯಜಮಾನರು ಹೇಳಿ ಕಳಿಸಿದ್ದಾರೆ. ಚಾವಣಿ ಮುಗಿಯುತ್ತ ಬಂತು. ಹೊಸ ಮೆಷಿನ್ ತರಿಸುತ್ತಿದ್ದಾರೆ. ಆಗಸ್ಟ್ ಒಂದಕ್ಕೆ ಆಟ ಶುರು. ಅಷ್ಟರೊಳಗೆ ನೀವು ಬಂದು ನಿಂತರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ. ಒಂದು ತಿಂಗಳು ಮೊದಲೇ ಬಿಟ್ಟು ಬನ್ನಿ. ಅಲ್ಲಿ ಹೇಗೂ ಮೂರು ತಿಂಗಳಿನದು. ಇಲ್ಲಿ ನಿಮ್ಮ ಜಾಗ.

ಹೆಚ್ಚು ಬರೆಯಲು ಏನಿಲ್ಲ.


ಜುಲೈ 13, ಸೋಮವಾರ

ಗೇಟಮ್ಮ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಗಂಡಸಿನ ಮಾತು ನಾನು ಹೇಳುತ್ತೇನೆ ಎಂದು ಯಾಕೆ ಯಾವತ್ತೂ ಅನ್ನಲಿಲ್ಲ ಎಂದು ಎರಡು ದಿನ ಯೋಚಿಸಿದೆ. ನೀನು ಹೇಳುತ್ತಿದ್ದದ್ದು ಅಷ್ಟು ತುಂಬಿಕೊಂಡಿರುತ್ತಿತ್ತು, ನಡುವೆ ಜಾಗ ಇದೆ ಅಂತಲೇ ನನಗೆ ಹೊಳೆದಿರಲಿಲ್ಲ. ಇಷ್ಟೇ ಗೊತ್ತು.

ಟಾಕೀಸಿನ ಮಾತಿಗೆ ಉತ್ತರ ಮಾಡಿಯಾಗಿದೆ. ಕೆಲಸ ಬಿಡುತ್ತೇನೆಂದು ಚೀಟಿ ಬರೆದು ಕ್ಲಬ್ಬಿನ ಅಧ್ಯಕ್ಷರ ಕೈಗೆ ಕೊಟ್ಟೆ. ಇಪ್ಪತ್ತೈದಕ್ಕೆ ಹೊರಡುತ್ತೇನೆ.

ಹೋದ ಸಲ ಒಂದು ವಿಷಯ ಬಚ್ಚಿಟ್ಟಿದ್ದೆನಲ್ಲ. ಈಗ ಹೇಳಿದರೆ ಏನೂ ಕೆಡುವುದಿಲ್ಲ. ಕ್ಲಬ್ಬಿನವರು ನನ್ನನ್ನು ಖಾಯಂ ಮಾಡಿಕೊಳ್ಳುವುದಾಗಿ ಹೇಳಿದ್ದರು. ಹಾಲಿನ ಹಿಂದೆ ಎರಡು ಕೋಣೆ ಕೊಡುತ್ತೇವೆ, ಮನೆಯವರನ್ನು ಕರೆಸಿಕೊಳ್ಳಿ ಅಂದಿದ್ದರು. ಸಂಜೆ ಹೊತ್ತು ನಾನೇ ಸುಣ್ಣ ಹೊಡೆಯುತ್ತಿದ್ದೆ. ಒಂದು ಕೋಣೆ ಮುಗಿದಿತ್ತು. ಎರಡೂ ಮುಗಿಸಿ, ನಾನೇ ಬಂದು ನಿನ್ನನ್ನು ಕರೆದುಕೊಂಡು ಬಂದು, ಬಾಗಿಲು ತೆಗೆದು ತೋರಿಸಬೇಕು ಅಂತಿದ್ದೆ. ಮೊದಲೇ ಹೇಳಿದರೆ ನೀನು ಅಲ್ಲಿ ನೀರು ಬರುತ್ತದೋ, ಹಲ್ಲಿ ಇದೆಯೋ, ಪಕ್ಕದಲ್ಲಿ ಯಾರಿದ್ದಾರೆ ಎಂದು ಮೂರು ವಾರ ನಿದ್ದೆ ಕೆಡಿಸಿಕೊಳ್ಳುತ್ತಿದ್ದೆ. ಅದಕ್ಕೇ ಸುಮ್ಮನಿದ್ದೆ. ಹೋಗಲಿ. ಇಪ್ಪತ್ತೊಂದು ವರ್ಷದ ಟಾಕೀಸು ಕರೆದರೆ ಇಲ್ಲ ಅನ್ನಲು ಆಗುತ್ತದೆಯೇ?

ಅಧ್ಯಕ್ಷರು ಚೀಟಿಯನ್ನು ಪೇಪರ್‌ವೆಯ್ಟಿನ ಕೆಳಗೆ ಇಟ್ಟುಕೊಂಡರು. "ಭಾನುವಾರದ ಮೀಟಿಂಗಲ್ಲಿ ಇಡ್ತೀನಿ. ಅಲ್ಲಿ ಒಪ್ಪಿದ ಮೇಲೆ ಬೇರೆಯವರನ್ನ ನೋಡ್ತೀವಿ. ಅಲ್ಲೀವರೆಗೂ ಯೋಚನೆ ಮಾಡಿ" ಅಂದರು.

ಮೇಡಂಗೂ ಹೇಳಿದೆ. "ಮನೆಯವರು ಕರೆದ್ರೆ ಹೋಗಬೇಕಪ್ಪಾ. ಆದರೆ ಇನ್ನು ನನಗೆ ಯಾರು ಹೇಳಿಕೊಡ್ತಾರೆ?" ಅಂದರು. ಏನೆಂದರೆ, ಅವರು ಮೊದಮೊದಲು ವಾರ್ತೆ ಓದಿದ ಹಾಗೆ ಓದುತ್ತಿದ್ದರು. ನಾನೇ ಒಂದು ದಿನ ತಡೆಯಲಾರದೆ ಹೇಳಿದ್ದೆ, ನಮ್ಮನೆಯವಳು ಹೀಗೆ ಹೇಳುತ್ತಿರಲಿಲ್ಲ ಮೇಡಂ, ಜಗಳ ಬಂದರೆ ಸೊಂಟಕ್ಕೆ ಕೈ ಇಟ್ಟೇ ಹೇಳುತ್ತಿದ್ದಳು, ಮುದುಕಿಯ ಮಾತಿಗೆ ಬಾಯಿ ಸೊಟ್ಟ ಮಾಡುತ್ತಿದ್ದಳು ಎಂದು. ಆಮೇಲೆ ದಿನಾ ಆಟಕ್ಕೆ ಮೊದಲು, "ಇದನ್ನ ನಿಮ್ಮ ಮನೆಯವರಾದರೆ ಹೇಗೆ ಹೇಳ್ತಿದ್ರು?" ಎಂದು ಕೇಳುವುದು, ನಾನು ಹೇಳಿ ತೋರಿಸುವುದು. ಇಲ್ಲಿಯ ಜನ ಕೇಳುತ್ತಿರುವುದು ಅರ್ಧ ನಿನ್ನ ಧಾಟಿಯೇ.

ಇಪ್ಪತ್ತಾರಕ್ಕೆ ಬೆಳಿಗ್ಗೆ ಬಂದಿರುತ್ತೇನೆ.


ಜುಲೈ 17, ಶುಕ್ರವಾರ

ರೀ,

ನಿಮ್ಮ ಕಾಗದ ಇವತ್ತು ಬೆಳಿಗ್ಗೆ ಬಂತು. ಇದನ್ನು ಅಂಚೆಗೆ ಹಾಕುವುದಿಲ್ಲ. ಟೈಲರಮ್ಮನ ಅಣ್ಣ ನಿಮ್ಮೂರಿನ ಬಸ್ಸಿನ ಕಂಡಕ್ಟರ್, ಅವನ ಕೈಯಲ್ಲಿ ಕಳಿಸುತ್ತೇನೆ. ಶನಿವಾರ ಸಂಜೆ ಕ್ಲಬ್ಬಿಗೇ ತಂದು ಕೊಡುತ್ತಾನೆ. ಫೋನ್ ಮಾಡೋಣವೆಂದು ಅಂಗಡಿಯವರೆಗೂ ಹೋಗಿ, ನಂಬರ್ ತಿರುಗಿಸಿ, ಅಧ್ಯಕ್ಷರ ದನಿ ಕೇಳಿ ಇಟ್ಟುಬಿಟ್ಟೆ. ಬೇರೆಯವರ ಕೈಗೆ ಕೊಟ್ಟು ಕಳಿಸುವ ಮಾತಲ್ಲ ಇದು.

ಚಾವಣಿ ಆಗಿಲ್ಲ. ಹೊಸ ಮೆಷಿನ್ ಇಲ್ಲ. ಯಜಮಾನರು ನನಗೆ ಏನೂ ಹೇಳಿ ಕಳಿಸಿಲ್ಲ. ಟಾಕೀಸು ಮಾರಿಹೋಗಿದೆ. ಜೂನ್ ಮೂವತ್ತಕ್ಕೇ ವಾಚ್‌ಮನ್ ತಾತ ಹೇಳಿದ್ದ, ಗೋಡೌನ್ ಕಟ್ಟುತ್ತಾರಂತೆ ಎಂದು. ಗೊತ್ತಿದ್ದೇ ಐದನೇ ತಾರೀಖು ನಿಮಗೆ ಆ ಕಾಗದ ಬರೆದೆ. ನೀವು ಬಂದು ನೋಡಿದರೆ ಬೀಗ ಕಾಣುತ್ತದೆ, ನನ್ನ ಸುಳ್ಳು ಅವತ್ತೇ ಬಯಲಾಗುತ್ತದೆ, ಅದೂ ಗೊತ್ತಿತ್ತು. ಆದರೆ ಬಂದಿರುತ್ತೀರಲ್ಲ! ಅದೊಂದೇ ತಲೆಯಲ್ಲಿತ್ತು. ಒಂದೂವರೆ ಅಡಿ ಅಂತ ಬರೆದಿದ್ದಿರಿ. ನಾನು ಟೈಲರಮ್ಮನ ಟೇಪು ತಂದು ನೆಲದ ಮೇಲೆ ಹಿಡಿದು ನೋಡಿದೆ. ಎಷ್ಟು ಕಮ್ಮಿ ಗೊತ್ತಾ ಅದು? ಮೊಣಕೈ ಮಡಿಚಿದರೆ ತಾಗುತ್ತದೆ.

ಒಂದು ತಿಂಗಳ ಕೆಲಸ ಹೋದರೆ ಹೋಗಲಿ, ಮನುಷ್ಯ ಬರಲಿ ಅಂದುಕೊಂಡೆ. ಖಾಯಂ ಅಂತ ನನಗೇನು ಗೊತ್ತು? ಎರಡು ಕೋಣೆ ಅಂತ ಏನು ಗೊತ್ತು? ಮುಚ್ಚಿಟ್ಟದ್ದು ನೀವೂ ಹೌದು, ನಾನೂ ಹೌದು ಎಂದು ಇಡೀ ಮಧ್ಯಾಹ್ನ ನನಗೆ ನಾನೇ ವಾದ ಮಾಡಿಕೊಂಡೆ. ಗೆಲ್ಲಲಿಲ್ಲ. ನೀವು ಸುಣ್ಣ ಹೊಡೆದದ್ದನ್ನು ಮುಚ್ಚಿಟ್ಟಿರಿ. ನಾನು ಇಲ್ಲದ ಮೆಷಿನ್ನನ್ನು ತಂದು ನಿಲ್ಲಿಸಿದೆ. ನಮ್ಮ ಅನ್ನಕ್ಕೆ ನಾನೇ ಕಲ್ಲು ಹಾಕಿದೆ. ಎದುರಿಗೆ ನಿಂತು ಹೇಳಿದ್ದರೆ ನನ್ನ ತುಟಿ ನೋಡಿಯೇ ಹಿಡಿದುಬಿಡುತ್ತಿದ್ದಿರಿ. ಕಾಗದಕ್ಕೆ ತುಟಿ ಇಲ್ಲವಲ್ಲ.

ಮೊನ್ನೆ ಕುರ್ಚಿಗಳನ್ನು ಲಾರಿಗೆ ತುಂಬುತ್ತಿದ್ದರು. ನಾಲ್ಕು ನಾಲ್ಕು ಒಟ್ಟಿಗೆ, ಬುಡಸಮೇತ ಕಿತ್ತು. ಪರದೆಯನ್ನು ಸುತ್ತಿ ಇಟ್ಟಿದ್ದರು. ಅಷ್ಟು ದೊಡ್ಡದು, ಹಿಂದಿನಿಂದ ನೋಡಿದರೆ ತೇಪೆ ಹಾಕಿದ ಹಳೇ ಬಟ್ಟೆ ಅಷ್ಟೇ. ತಾತ ನನ್ನ ನೋಡಿ, "ಏನಮ್ಮಾ, ನಿನ್ ಗಂಡ ಜಾಣ, ಮೊದಲೇ ಜಾಗ ನೋಡಿಕೊಂಡ" ಅಂದ. ನಾನು ಹೂಂ ಅಂದೆ. ನನ್ನ ಕಾಗದ ಅಷ್ಟೊತ್ತಿಗೆ ನಿಮ್ಮನ್ನು ಆ ಜಾಗದಿಂದ ಎಬ್ಬಿಸಿತ್ತು. ಅದನ್ನು ಹೇಗೆ ಹೇಳಲಿ? ಕಣ್ಣಿಗೆ ಧೂಳು ಬಿತ್ತು ಎಂದು ಹೇಳಿ ಬಂದೆ.

ನಿಮಗೆ ಕೋಪ ಬರುತ್ತದೆ. ಬರಲಿ. ನೀವು ಕೋಪ ಬಂದರೆ ಮಾತಾಡುವುದಿಲ್ಲ, ಮೆಷಿನ್ ಒರೆಸುತ್ತ ಕೂರುತ್ತೀರಿ. ಒರೆಸಿ. ಆದರೆ ಅದಕ್ಕೆ ಮೊದಲು ಅಧ್ಯಕ್ಷರ ಹತ್ತಿರ ಹೋಗಿ ಆ ಚೀಟಿ ವಾಪಸು ತೆಗೆದುಕೊಳ್ಳಿ. ಏನು ಕಾರಣ ಹೇಳುವುದು ಎಂದು ನಾಚಿಕೆಪಡಬೇಡಿ. ನನ್ನ ಹೆಂಡತಿ ಹೊಟ್ಟೆಕಿಚ್ಚಿಗೆ ಸುಳ್ಳು ಬರೆದಿದ್ದಳು ಅನ್ನಿ. ಬೇಕಾದರೆ ಈ ಕಾಗದವನ್ನೇ ತೋರಿಸಿ. ನಾನೇ ಬಂದು ಅವರ ಮುಂದೆ ನಿಂತು ಹೇಳುತ್ತೇನೆ, ಇಪ್ಪತ್ತೊಂದು ವರ್ಷ ಗೇಟಿನಲ್ಲಿ ನಿಂತವಳಿಗೆ ನಿಲ್ಲುವುದೇನು ಹೊಸದಲ್ಲ. ನೀವು ಮಾತ್ರ ಬರಬೇಡಿ. ಬರುವುದು ನಾನು. ಪಾತ್ರೆ ಕಟ್ಟಲು ಶುರು ಮಾಡಿದ್ದೇನೆ. ಅರ್ಧ ಕಟ್ಟಿ, ನೀವು ಬೇಡ ಅಂದರೆ ಎಂದು ಹೆದರಿ, ಬಿಚ್ಚಿ, ಮತ್ತೆ ಕಟ್ಟಿದ್ದೇನೆ. ಎರಡನೇ ಕೋಣೆಗೆ ಸುಣ್ಣ ನಾನು ಹೊಡೆಯುತ್ತೇನೆ. ನೀರು ಬರುತ್ತದೋ ಇಲ್ಲವೋ ಕೇಳುವುದಿಲ್ಲ. ಹಲ್ಲಿಯ ವಿಷಯ ಒಂದು ಬರೆದರೆ ಒಳ್ಳೆಯದು.

ಮೇಡಂ ವಿಷಯ. ನನ್ನ ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನನ್ನ ಧಾಟಿಯನ್ನು ನೀವು ಅವಳಿಗೆ ಕೊಟ್ಟಿರಿ ಎಂದು ಓದಿ ಮೊದಲು ಕಣ್ಣಲ್ಲಿ ನೀರು ಬಂತು, ಮರುಗಳಿಗೆಗೆ ಮೈ ಉರಿಯಿತು. ಸೊಂಟಕ್ಕೆ ಕೈ ಇಡುವುದನ್ನೂ ತೋರಿಸಿಕೊಟ್ಟಿರಾ? ಎದ್ದು ನಿಂತು? ಅವಳ ಮುಂದೆ? ನನ್ನ ಹತ್ತಿರ ಇದ್ದದ್ದೇ ಅಷ್ಟು, ಅದನ್ನೂ ಕೊಟ್ಟು ಕೂತಿದ್ದೀರಿ. ಆದರೂ ಒಂದು ಹೇಳುತ್ತೇನೆ. ಆ ಇಸ್ತ್ರಿ ಹೆಂಗಸು "ಅಂದುಕೊಳ್ಳಲಿ ಬಿಡು" ಅನ್ನುವಾಗ ಮೆಲ್ಲಗೆ ಹೇಳಬಾರದು. ಬಟ್ಟೆಯ ಮೇಲಿನ ಕಣ್ಣು ತೆಗೆಯದೆ, ಅಂಗಡಿಗೆ ಬಂದ ಗಿರಾಕಿಗೆ ಹೇಳಿದ ಹಾಗೆ ಜೋರಾಗಿ ಹೇಳಬೇಕು. ದಿನವಿಡೀ ಕೆಂಡದ ಮುಂದೆ ನಿಲ್ಲುವವಳಿಗೆ ಪಿಸುಗುಟ್ಟಲು ಎಲ್ಲಿ ಬಿಡುವು? ಮುಂದಿನ ಆಟಕ್ಕೆ ಅವಳಿಗೆ ಹೇಳಿ. ನಾನು ಹೇಳಿದೆ ಎಂದು ಹೇಳಿ. ಹಿಂದಿನ ಸಾಲಿನಲ್ಲಿ ಕೂತು ನಾನು ಕೇಳುತ್ತೇನೆ.

ಬಸ್ಸಿಗೆ ಹೊತ್ತಾಯಿತು, ಟೈಲರಮ್ಮ ಬಾಗಿಲಲ್ಲಿ ನಿಂತು, "ಬರೆದಿದ್ದು ಸಾಕು ಬಾರೇ, ಅಣ್ಣ ಸೀಟಿ ಊದ್ತಿದ್ದಾನೆ" ಎನ್ನುತ್ತಿದ್ದಾಳೆ. ಒಂದೇ ಒಂದು. ಭಾನುವಾರದ ಮೀಟಿಂಗು ಎಂದು ಬರೆದಿದ್ದೀರಿ, ಯಾವ ಭಾನುವಾರ ಎಂದು ಬರೆದಿಲ್ಲ. ನಾಡಿದ್ದು ಹತ್ತೊಂಬತ್ತೋ, ಅದರಾಚೆಯ ಇಪ್ಪತ್ತಾರೋ? ನಾಡಿದ್ದೇ ಆದರೆ ಈ ಕಾಗದ ಓದಿದ ಮೇಲೆ ನಿಮಗೆ ಇರುವುದು ಒಂದೇ ರಾತ್ರಿ. ಈಗಲೇ ಎದ್ದು ಹೋಗಿ, ಅಧ್ಯಕ್ಷರ ಹತ್ತಿರ ಆ ತಾರೀಖು ಇನ್ನೊಂದು ಸಲ ಕೇಳಿ ನೋಡಿ.